ಕೇಳದೆ ಹಾಕಿದ ಬ್ಯಾಟರಿ

ಲ್ಯಾಬಿನ ಮೆಟ್ಟಿಲಿಳಿದು ಬಂದ ಪುಟ್ಟಿಗೆ ಮೊದಲು ಕಂಡದ್ದು ತನ್ನ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಒಬ್ಬ ಅಪರಿಚಿತ. ಹಿಂದಿನ ಚಕ್ರದ ನಡುವೆ ಕೂರಿಸಿದ್ದ ಮೋಟಾರಿಗೆ ಮೂಗು ತಾಗುವಷ್ಟು ಬಾಗಿ, ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ ಎಂದು ಬೆರಳಲ್ಲೇ ದಾರಿ ಹಿಡಿದು ನೋಡುತ್ತಿದ್ದ.

"ರೀ, ಏನ್ ಮಾಡ್ತಿದೀರಿ ಅಲ್ಲಿ?"

ಅವನು ಗಡಬಡಿಸಿ ಎದ್ದ. "ಸೈಕಲ್ ನಿಮ್ದಾ? ತುಂಬಾ ಚೆನ್ನಾಗಿದೆ. ಯಾರು ಮಾಡಿದ್ದು?"

"ನಾನು."

"ಅಲ್ಲ, ಈ ಮೋಟಾರು, ವೈರಿಂಗು, ಬ್ಯಾಟರಿ... ಇದನ್ನೆಲ್ಲ ಯಾರು ಮಾಡಿದ್ದು?"

ಪುಟ್ಟಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿ ಹತ್ತಿತು. ಇದೇ ಪ್ರಶ್ನೆಯನ್ನು ಸಿಗ್ನಲ್ಲಿನಲ್ಲಿ ನಿಂತವರು ಕೇಳಿದ್ದರು, ಪಂಕ್ಚರ್ ಹಾಕುವವನು ಕೇಳಿದ್ದ, ಸಂಬಂಧಿಕರಂತೂ ಸರದಿಯಲ್ಲಿ ನಿಂತು ಕೇಳಿದ್ದರು. "ನಾನು" ಎಂದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

"ನಮ್ಮನೇಲಿ ಒಂದು ದೆವ್ವ ಇದೆ. ಅದು ಮಾಡ್ಕೊಡ್ತು," ಎಂದು ಬೀಗ ತೆಗೆದು, ಅವನ ಪಾದದ ಮೇಲೆ ಚಕ್ರ ಹತ್ತುವುದು ಕೂದಲೆಳೆಯಲ್ಲಿ ತಪ್ಪುವಂತೆ ಸೈಕಲ್ ತಿರುಗಿಸಿಕೊಂಡು ಹೋದಳು.

ಅವಳು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮೂವತ್ತು ದಾಟಿದ್ದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ಯಾವ ಕೋರ್ಸು, ಯಾವ ಬ್ಯಾಂಕು, ಯಾವ ಮೊಬೈಲು, ಎಲ್ಲವನ್ನೂ ಅವಳ ಅಣ್ಣ ತೀರ್ಮಾನಿಸಿಬಿಡುತ್ತಿದ್ದ. ಕೆಟ್ಟವನಲ್ಲ. ತಂಗಿಗೆ ಜ್ವರ ಬಂದರೆ ತಾನು ಊಟ ಬಿಡುವವನು. ಆದರೆ ಪ್ರತಿ ತೀರ್ಮಾನದ ಕೊನೆಗೂ ಒಂದು ಮಾತು ಸೇರಿಸುತ್ತಿದ್ದ: "ನಿನ್ನ ಒಳ್ಳೇದಕ್ಕೇ ತಾನೇ?" ಅವಳನ್ನು ಲ್ಯಾಬಿಗೆ ಬಿಡುವುದು, ಕರೆತರುವುದು ಎರಡೂ ಅವನದೇ. ಅವನಿಗೆ ತಡವಾದರೆ ಇವಳು ಗೇಟಿನ ಕಟ್ಟೆಯ ಮೇಲೆ ಪಾರ್ಸಲ್ಲಿನ ಹಾಗೆ ಕೂತಿರಬೇಕು. ಒಂದು ಸಂಜೆ ಹಾಗೆ ಕೂತು ಕೂತು ರೇಗಿಹೋಗಿ, ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ಅತ್ತಿಗೆಯ ಸೈಕಲ್ಲನ್ನು ಎಳೆದು ಹೊರಗೆ ಹಾಕಿದ್ದಳು.

ಮೋಟಾರು ಸಿಕ್ಕಿದ್ದು ಪಾರ್ಸಲ್ ಹಂಚುವವನೊಬ್ಬ ತೆಗೆದುಹಾಕಿದ್ದ ಹಳೆಯ ಚಕ್ರದ ಜೊತೆಗೆ. ಬ್ಯಾಟರಿಗೆ ಬೇಕಾದ ಸೆಲ್ಲುಗಳು ಗುಜರಿಗೆ ಬಂದ ಲ್ಯಾಪ್‌ಟಾಪುಗಳ ಹೊಟ್ಟೆಯಿಂದ ಬಂದವು. ಒಂದೊಂದನ್ನೂ ಚಾರ್ಜ್ ಮಾಡಿ, ಜೀವ ಇದೆಯೋ ಇಲ್ಲವೋ ನೋಡಿ, ಸತ್ತವನ್ನು ಬೇರೆ ಇಟ್ಟು, ಉಳಿದವನ್ನು ಜೋಡಿಸಿದಳು. ಎರಡು ಸಲ ಮನೆಯ ಫ್ಯೂಸ್ ಹಾರಿಸಿ ಅತ್ತಿಗೆಯ ಮಿಕ್ಸಿ ನಿಲ್ಲಿಸಿದಳು. ಅಣ್ಣ ಬೈದ. ಅತ್ತಿಗೆ ಮಾತ್ರ, "ಬೈದಿದ್ದು ಸಾಕು, ಟಾರ್ಚ್ ಹಿಡೀರಿ," ಎಂದಳು. ಕೊನೆಗೊಂದು ಬೆಳಿಗ್ಗೆ ಪುಟ್ಟಿ ಲ್ಯಾಬಿನ ದಾರಿಯ ದಿಬ್ಬವನ್ನು ತನ್ನದೇ ಗಾಡಿಯಲ್ಲಿ ಹತ್ತಿದಳು. ಅರ್ಧ ಮೋಟಾರಿನ ಬಲ, ಅರ್ಧ ಕಾಲಿನದು, ಏದುಸಿರು ಪೂರ್ತಿ ಅವಳದೇ.

ಅಂಥ ಗಾಡಿಯನ್ನು ಯಾರು ಮಾಡಿದ್ದು ಅಂತ ಕೇಳುತ್ತಾನಂತೆ!

ಮರುದಿನ ಸಂಜೆ ಅವನು ಸೈಕಲ್ಲಿನಿಂದ ನಾಲ್ಕು ಮಾರು ದೂರದಲ್ಲಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ನಿನ್ನೆ ನಾನು ಕೇಳಿದ ರೀತಿ ಸರಿ ಇರ್ಲಿಲ್ಲ. ನೀವು 'ನಾನು' ಅಂದಾಗಲೇ ನಾನು ಬಾಯಿ ಮುಚ್ಕೋಬೇಕಿತ್ತು."

ದನಿ ಎಷ್ಟು ಮೆಲ್ಲಗಿತ್ತೆಂದರೆ ಪುಟ್ಟಿ ಒಂದು ಹೆಜ್ಜೆ ಮುಂದೆ ಬರಬೇಕಾಯಿತು. ಲ್ಯಾಬಿನ ಕೆಳಗಿನ ಮಳಿಗೆಗೆ ಹೊಸದಾಗಿ ಬಂದವನು. ಆಂಪ್ಲಿಫೈಯರು, ಸ್ಪೀಕರು ರಿಪೇರಿ ಮಾಡುತ್ತಿದ್ದ, ಸಭೆಗಳಿಗೆ ಮೈಕು ಬಾಡಿಗೆಗೆ ಕೊಡುತ್ತಿದ್ದ. ಅದಕ್ಕೇ ಬೀದಿಯವರೆಲ್ಲ ಅವನನ್ನು ಮೈಕ್ ಎಂದು ಕರೆಯುತ್ತಿದ್ದರು. ಪಿಸುಮಾತಿನ ಮನುಷ್ಯನಿಗೆ ಎಂಥ ಹೆಸರು! ಅವಳಿಗೆ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

"ಇನ್ನೊಂದು ಮಾತು ಹೇಳ್ಲಾ? ಬೇಡ ಅಂದ್ರೆ ಹೇಳಲ್ಲ."

"ಹೇಳಿ."

"ಸೆಲ್‌ಗಳಿಗೆ ನೇರವಾಗಿ ಸೋಲ್ಡರ್ ಹಾಕಿದ್ರೆ ಬಿಸಿಗೆ ಒಳಗೆ ಹಾಳಾಗತ್ತೆ. ನನ್ನ ಹತ್ರ ಸ್ಪಾಟ್ ವೆಲ್ಡರ್ ಇದೆ. ಪಟ್ ಅಂತ ಒಂದು ಸಲ ಒತ್ತಿದ್ರೆ ಸೆಲ್ ಜೋಡಿಸೋ ಲೋಹದ ಪಟ್ಟಿ ಅಂಟ್ಕೊಳತ್ತೆ."

"ಒತ್ತೋದು ಯಾರು?"

ಅವನ ತುಟಿಯಂಚು ಸ್ವಲ್ಪವೇ ಮೇಲೆ ಹೋಯಿತು. "ಗಾಡಿ ಯಾರದ್ದೋ ಅವರು."

ಹಾಗೆ ಶುರುವಾಯಿತು. ಶನಿವಾರ ಮಧ್ಯಾಹ್ನ ಲ್ಯಾಬು ಮುಗಿದ ಮೇಲೆ ಅವನ ಮಳಿಗೆಯ ಬೆಂಚಿನ ಒಂದು ತುದಿ ಅವಳದಾಯಿತು. ಬಿಚ್ಚಿದ ಸ್ಪೀಕರುಗಳ ನಡುವೆ ಕೂತು ಅವಳು ಪಟ್, ಪಟ್ ಎಂದು ತೆಳ್ಳನೆಯ ಪಟ್ಟಿಗಳನ್ನು ಸೆಲ್ಲುಗಳಿಗೆ ಅಂಟಿಸುತ್ತಿದ್ದರೆ, ಮುಂದಿನ ಪಟ್ಟಿ ಕೇಳುವ ಮೊದಲೇ ಅವನ ಬೆರಳ ತುದಿಯಲ್ಲಿ ಇರುತ್ತಿತ್ತು. ತಲೆಯೆತ್ತಿದರೆ ಅವನು ಪಟ್ಟಿಯನ್ನು ನೋಡುತ್ತಿರಲಿಲ್ಲ.

"ಏನು?"

"ಕೆನ್ನೆ ಮೇಲೆ ಪ್ಲಾಸ್ಟರ್ ಪುಡಿ ಇದೆ."

"ಎಲ್ಲಿ?"

"ಎಡಗಡೆ. ಇನ್ನೂ ಮೇಲೆ. ಅಲ್ಲ, ಸ್ವಲ್ಪ ಕೆಳಗೆ." ಎರಡು ನಿಮಿಷ ಒರೆಸಿಸಿ ಆಮೇಲೆ ಹೇಳುತ್ತಿದ್ದ, "ಆಗ್ಲೇ ಹೋಯ್ತು."

"ಮತ್ತೆ ಯಾಕ್ರೀ ಸುಮ್ನೆ ಇದ್ರಿ?"

"ಇನ್ನೂ ಸ್ವಲ್ಪ ಹೊತ್ತು ನೋಡೋಣ ಅಂತ."

ಅವಳು ಮುಖ ಗಂಟಿಕ್ಕಿಕೊಂಡು ಬಾಗುತ್ತಿದ್ದಳು. ಕಿವಿ ಮಾತ್ರ ಕೆಂಪಗೆ ಕಾದು ಚಾಡಿ ಹೇಳುತ್ತಿತ್ತು.

ಲ್ಯಾಬಿನಲ್ಲಿ ಚಾರ್ಜಿಗೆ ಹಾಕಬಾರದು ಎಂದು ಮಾಲೀಕರು ಹೇಳಿದಾಗ, ಬ್ಯಾಟರಿ ಪೆಟ್ಟಿಗೆಯ ಎರಡನೇ ಕೀಲಿಯನ್ನು ಅವಳು ಮೈಕನ ಕೈಗೆ ಕೊಟ್ಟಳು. ಹಗಲು ಅವನ ಮಳಿಗೆಯ ಪ್ಲಗ್ಗಿನಲ್ಲಿ ಚಾರ್ಜ್ ಆಗಲಿ ಅಂತ. ಅಣ್ಣನಿಗೂ ಕೊಟ್ಟಿರದ ಕೀಲಿ ಅದು.

ಗಾಡಿಗೆ ಮುಂದೇನು ಮಾಡಬೇಕೆಂಬುದೂ ಅವಳ ತಲೆಯಲ್ಲಿ ಸ್ಪಷ್ಟವಾಗಿತ್ತು. "ಮೊದ್ಲು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು. ಆಮೇಲೆ ಹಿಂದಿನ ಚಕ್ರದ ಆಕ್ಸಲ್ ತಿರುಗದ ಹಾಗೆ ಒಂದು ಉಕ್ಕಿನ ತೋಳು. ಎಲ್ಲಾ ಆದ್ಮೇಲೆ ದೊಡ್ಡ ಬ್ಯಾಟರಿ, ಇಲ್ದಿದ್ರೆ ಅದರ ಬಲಕ್ಕೆ ಆಕ್ಸಲ್ಲೇ ತಿರುಗಿಬಿಡತ್ತೆ. ಮೂವತ್ತಾರು ವೋಲ್ಟಿಂದ ನಲವತ್ತೆಂಟಕ್ಕೆ. ಆಗ ದಿಬ್ಬ ಹತ್ತೋದು ನೀರು ಕುಡಿದ ಹಾಗೆ."

ಮೈಕ್ ತಲೆಯಾಡಿಸಿದ. ದೊಡ್ಡ ಬ್ಯಾಟರಿ ಎಂಬುದು ಮಾತ್ರ ಅವನ ಕಿವಿಗೆ ಬಿದ್ದಿತ್ತು. ಉಳಿದಷ್ಟೂ ಹೊತ್ತು ಅವನು ಅವಳ ಹಣೆಯ ಮೇಲೆ ಜಾರುತ್ತಿದ್ದ ಒಂದು ಎಳೆ ಕೂದಲಲ್ಲಿ ಸಿಕ್ಕಿಹಾಕಿಕೊಂಡಿದ್ದ.

ಅದರ ಫಲ ಒಂದು ಗುರುವಾರದ ಸಂಜೆ ಸಿಕ್ಕಿತು. ಗೇಟು ದಾಟಿ ಪುಟ್ಟಿ ಎಂದಿನಂತೆ ಹ್ಯಾಂಡಲ್ಲಿನ ಥ್ರಾಟಲ್ ತಿರುವಿದಳು. ಸೈಕಲ್ಲು ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದಕ್ಕೆ ನೆಗೆಯಿತು. ಹಿಂದೆ ಕಟಕಟ ಸದ್ದಾಯಿತು, ಚಕ್ರ ಓರೆಯಾಗಿ ಫ್ರೇಮಿಗೆ ಕಚ್ಚಿಕೊಂಡಿತು. ರಸ್ತೆಬದಿಗೆ ನಿಂತಿದ್ದ ವ್ಯಾನೊಂದಕ್ಕೆ ಭುಜ ತಾಗಿ ಅವಳು ಬಿದ್ದಳು. ಮೊಣಕೈ ತರಚಿತು. ನೋಡಿದರೆ ಆಕ್ಸಲ್ಲು ತನ್ನ ಜಾಗದಲ್ಲೇ ಗಿರಕಿ ಹೊಡೆದು, ಒಳಗಿಂದ ಬರುವ ವೈರುಗಳನ್ನೆಲ್ಲ ಬಟ್ಟೆ ಹಿಂಡಿದಂತೆ ಹಿಂಡಿ ತುಂಡರಿಸಿತ್ತು.

ಪೆಟ್ಟಿಗೆ ತೆರೆದಳು. ಒಳಗೆ ಅವಳ ಬ್ಯಾಟರಿ ಇರಲಿಲ್ಲ. ನೀಲಿ ಹೊದಿಕೆ ಹಾಕಿದ, ಅಚ್ಚುಕಟ್ಟಾದ, ಹೊಚ್ಚಹೊಸದು ಕೂತಿತ್ತು.

ಕುಂಟುವ ಸೈಕಲ್ಲನ್ನು ಎಳೆದುಕೊಂಡು ಮಳಿಗೆಗೆ ಬಂದಾಗ ಮೈಕ್ ಬಾಗಿಲಲ್ಲೇ ನಿಂತಿದ್ದ, ಮುಖದ ತುಂಬ ಕಾತರ. "ಹೇಗಿತ್..." ಎಂದವನು ಅವಳ ಮೊಣಕೈ ನೋಡಿ ಬಿಳಿಚಿಹೋದ.

"ಮೈಗೆ ಏನೂ ಆಗಿಲ್ಲ. ಮುಟ್ಟಬೇಡಿ. ಇದನ್ನ ಹಾಕಿದ್ದು ಯಾರು?"

"ನಾನೇ. ಸರ್‌ಪ್ರೈಸ್ ಕೊಡೋಣ ಅಂತ... ದಿನಾ ಅಷ್ಟು ಕಷ್ಟಪಟ್ಟು ದಿಬ್ಬ ಹತ್ತುತ್ತೀರಲ್ಲ, ನೋಡೋಕಾಗ್ತಿರ್ಲಿಲ್ಲ. ನಿಮ್ಮ ಒಳ್ಳೇದಕ್ಕೇ..."

"ಸಾಕು!" ಅವಳ ದನಿಗೆ ಬೆಂಚಿನ ಮೇಲಿದ್ದ ಸ್ಪೀಕರಿನ ತಗಡು ಕೂಡ ಝಣ್ ಎಂದಿತು. "ಆ ಒಂದು ಮಾತು ಕೇಳೀ ಕೇಳೀ ಬೇಸತ್ತು ಈ ಗಾಡಿ ಮಾಡಿದ್ದು ನಾನು! ಆಕ್ಸಲ್‌ಗೆ ತೋಳು ಹಾಕಿಲ್ಲ ಅಂತ ಹೇಳಿರ್ಲಿಲ್ವಾ? ಬ್ರೇಕ್ ಆಗ್ಬೇಕು ಅಂದಿರ್ಲಿಲ್ವಾ? ಮೊದ್ಲು ಒಂದು ಮಾತು ಹೇಳೋಕೂ ಕೇಳಿ ಹೇಳಿದ್ರಿ. ಇವತ್ತು ನನ್ನ ಬೀಗ ತೆಗೆದು, ನನ್ನ ಬ್ಯಾಟರಿ ಕಿತ್ತು ಹಾಕೋವಾಗ ಬಾಯಿಗೆ ಏನಾಗಿತ್ತು? ಕೀಲಿ ಕೊಟ್ಟಿದ್ದು ಚಾರ್ಜ್ ಮಾಡೋಕೆ. ನಂಬಿ ಕೊಟ್ಟಿದ್ದು."

ಅವನು ಕೀಲಿಯನ್ನು ಜೇಬಿನಿಂದ ತೆಗೆದು ಬೆಂಚಿನ ಮೇಲಿಟ್ಟ. "ತಪ್ಪಾಯ್ತು," ಎಂದ. ಮೊಣಕೈಗೆಂದು ಒಂದು ಚೂರು ಹತ್ತಿಯನ್ನು, ಅವಳನ್ನು ಮುಟ್ಟದೆ, ಬೆಂಚಿನ ಮೇಲೆ ಅವಳತ್ತ ಸರಿಸಿದ. ಅದನ್ನು ಕಂಡು ಒಳಗೆಲ್ಲೋ ಕರಗಿದಂತಾಗಿ, ಕರಗಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಕೀಲಿ ಎತ್ತಿಕೊಂಡು, ತನ್ನ ಹಳೆಯ ಬ್ಯಾಟರಿ ಇಸಿದುಕೊಂಡು, ನೀಲಿಯದನ್ನು ಅಲ್ಲೇ ಬಿಟ್ಟು ಹೊರಟಳು.

ಮನೆಯಲ್ಲಿ ಅಣ್ಣನಿಗೆ ಹಬ್ಬವೋ ಹಬ್ಬ. "ನಾನು ಹೇಳಿರ್ಲಿಲ್ವಾ? ಈ ಆಟಿಕೆ ಸಹವಾಸ ಬಿಡು. ನಾಳೆಯಿಂದ ನಾನೇ ಬಿಡ್ತೀನಿ, ನಿನ್ನ ಒಳ್ಳೇದಕ್ಕೇ..."

"ಬಸ್ಸಲ್ಲಿ ಹೋಗ್ತೀನಿ," ಎಂದು ಪುಟ್ಟಿ ರೂಮಿನ ಬಾಗಿಲು ಹಾಕಿಕೊಂಡಳು.

ಬಸ್ಸಿನಲ್ಲಿ ನೇತಾಡುತ್ತಾ ಹೋದಳು, ಬಂದಳು. ಮೈಕನ ಮಳಿಗೆಯ ಮುಂದೆ ಕತ್ತು ನೇರ ಮಾಡಿಕೊಂಡು ನಡೆದಳು. ಅವನು ಹಿಂದೆ ಬರಲಿಲ್ಲ, ಫೋನ್ ಮಾಡಲಿಲ್ಲ. ಬಂದಿದ್ದರೆ ಬೈಯಬಹುದಿತ್ತು! ಬೈಯಲೂ ಸಿಗದ ಮನುಷ್ಯನ ಮೇಲೆ ಎಷ್ಟು ದಿನ ಅಂತ ಕೋಪ ಇಟ್ಟುಕೊಳ್ಳುವುದು? ಆದರೂ ಇಟ್ಟುಕೊಂಡಳು.

ಒಂದು ಭಾನುವಾರ ಅಣ್ಣ ಹೊರಗಿಂದ ಬುಸುಗುಡುತ್ತಾ ಬಂದ. ಚಪ್ಪಲಿ ಒಂದು ಕಡೆ ಹಾರಿತು, ಹೆಲ್ಮೆಟ್ಟು ಇನ್ನೊಂದು ಕಡೆ.

"ಏನಾಯ್ತ್ರೀ?" ಎಂದಳು ಅತ್ತಿಗೆ.

"ಇವಳ ಲ್ಯಾಬ್ ಕೆಳಗಿನ ಆ ಮೈಕಿನವನಿಗೆ ಎಷ್ಟು ಕೊಬ್ಬು ಅಂತೀನಿ! ಪಾಪ, ಹುಡುಗ ಕೆಲ್ಸ ಬಲ್ಲವನು, ಸೈಕಲ್ ತಗೊಂಡ್ಹೋಗಿ ಸರಿ ಮಾಡ್ಕೊಡಪ್ಪ, ಅವಳಿಗೆ ಹೇಳೋದು ಬೇಡ, ಖರ್ಚು ನಂದು ಅಂತ ಮರ್ಯಾದೆಯಿಂದ ಕೇಳಿದೆ. ಆಗಲ್ಲ ಅಂದ! ಅವರು ಹೇಳದೆ ಆ ಗಾಡಿಯ ಒಂದು ಸ್ಕ್ರೂನೂ ಮುಟ್ಟಲ್ಲ ಅಂದ. ಅಣ್ಣ ಕಣಯ್ಯಾ ನಾನು ಅಂದೆ. ನೀವು ಅಣ್ಣ ಇರಬಹುದು ಸಾರ್, ಗಾಡಿ ನಿಮ್ದಲ್ವಲ್ಲ ಅಂದ. ನನಗೇ! ಮುಖಕ್ಕೆ ಹೊಡೆದ ಹಾಗೆ! ಅದೂ ಆ ಪಿಸಿಪಿಸಿ ದನಿಯಲ್ಲಿ!"

ಪುಟ್ಟಿ ಮೊದಲು ಅಣ್ಣನ ಮೇಲೆ ಹರಿಹಾಯ್ದಳು. "ನನಗೆ ಗೊತ್ತಾಗದ ಹಾಗೆ ನನ್ನ ಸೈಕಲ್ ಸರಿ ಮಾಡ್ಸೋಕೆ ನೀನು ಯಾರನ್ನ ಕೇಳಿ ಹೋದೆ? ಅವನಿಗೆ ಇರೋ ಬುದ್ಧಿ ನಿನಗೆ ಯಾಕಿಲ್ಲ ಅಣ್ಣಾ?" ಅಷ್ಟು ಹೇಳಿ ಸರಕ್ಕನೆ ಹಿತ್ತಲಿಗೆ ಹೋದಳು. ಅಲ್ಲಿ ಸೈಕಲ್ಲಿನ ಸೀಟು ಹಿಡಿದು ನಿಂತವಳ ತುಟಿ ಎಷ್ಟು ಕಚ್ಚಿದರೂ ಹಿಗ್ಗುತ್ತಲೇ ಹೋಯಿತು.

ಅಂದಿನಿಂದ ಕೆಲಸ ಹಿಡಿದಳು. ಹಳೆಯ ಸ್ಪಾನರೊಂದನ್ನು ಅರ್ಧಕ್ಕೆ ಕತ್ತರಿಸಿ, ಆಕ್ಸಲ್ಲಿನ ಚಪ್ಪಟೆ ಭಾಗಕ್ಕೆ ಕಚ್ಚಿಸಿ, ಇನ್ನೊಂದು ತುದಿಯನ್ನು ಫ್ರೇಮಿಗೆ ಬಿಗಿದಳು. ಅದೇ ಉಕ್ಕಿನ ತೋಳು, ಇನ್ನು ಆಕ್ಸಲ್ಲು ತಿರುಗುವ ಮಾತೇ ಇರಲಿಲ್ಲ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಬದಲಾಯಿಸಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಬ್ರೇಕು ಹಾಕಿದಳು. ಉಳಿದದ್ದು ಮೋಟಾರಿನೊಳಗೆ ತುಂಡಾದ ವೈರುಗಳು, ಮೂರು ದಪ್ಪ, ಐದು ಸಣ್ಣ. ಒಂದು ಕೈಯಲ್ಲಿ ಬೆಸುಗೆಯ ಐರನ್ನು, ಇನ್ನೊಂದರಲ್ಲಿ ಸೋಲ್ಡರ್ ತಂತಿ, ವೈರು ಹಿಡಿಯಲು ಮೂರನೇ ಕೈ ಬೇಕು.

"ಅತ್ತಿಗೆ, ಸ್ವಲ್ಪ ಹಿಡ್ಕೋತೀರಾ?"

"ಅಯ್ಯೋ, ನನಗೆ ಕೈ ನೋವು," ಎಂದು ಅತ್ತಿಗೆ ಒಗೆದ ಬಟ್ಟೆಯ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಮೂರನೇ ಕೈ ಎಲ್ಲಿ ಸಿಗತ್ತೆ ಅಂತ ನಿನಗೇ ಗೊತ್ತಲ್ಲ."

ಶನಿವಾರ ಮಧ್ಯಾಹ್ನ ಬಿಚ್ಚಿದ ಚಕ್ರವನ್ನು ತಂದು ಪುಟ್ಟಿ ಅವನ ಬೆಂಚಿನ ಮೇಲೆ ಧಡ್ ಎಂದು ಇಟ್ಟಳು.

"ಎಂಟು ವೈರಿದೆ. ಸೋಲ್ಡರ್ ನಾನು ಹಾಕ್ತೀನಿ. ನೀವು ಹಿಡ್ಕೋಬೇಕು. ಅಷ್ಟೇ."

ಮೈಕ್ ಎದ್ದುನಿಂತ. ಸೊರಗಿದ್ದ. "ಲೈಟ್ ಹತ್ರ ತರ್ಲಾ?"

"ತನ್ನಿ."

"ಈ ವೈರ್ ಹಿಡೀಲಾ?"

"ಹಿಡೀರಿ."

"ಸ್ವಲ್ಪ ಬಲಗಡೆಗೆ ತಿರುಗಿಸ್ಲಾ?"

"ತಿರುಗಿಸಿ."

"ಮೂಗು ತುರಿಸ್ತಿದೆ. ಕೆರ್ಕೊಳ್ಲಾ?"

ಪುಟ್ಟಿ ಐರನ್ ಎತ್ತಿ ಹಿಡಿದು ದುರುಗುಟ್ಟಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜಕ್ಕೂ ಕಾಯುತ್ತಿದ್ದ. ಹೊಗೆಯ ಸಣ್ಣ ಎಳೆ ಇಬ್ಬರ ಮುಖಗಳ ನಡುವೆ ಎದ್ದು, ಬಳುಕಿ, ಇಲ್ಲವಾಯಿತು. ಅವನ ರೆಪ್ಪೆಗಳು ಇಷ್ಟು ಉದ್ದ ಇವೆಯೆಂದು ಅವಳು ಈವರೆಗೆ ಗಮನಿಸಿರಲಿಲ್ಲ. ಹಾಳಾದವನು.

"ಅಲ್ರೀ, ಮೂಗು ಕೆರ್ಕೊಳ್ಳೋಕೂ ಕೇಳ್ತೀರಿ. ಕೇಳಬೇಕಾದ್ದು ಮಾತ್ರ ಇಷ್ಟು ದಿನ ಆದ್ರೂ ಕೇಳಲ್ಲ. ಎಂಥ ಮನುಷ್ಯ ನೀವು?"

ಅವನು ವೈರಿನ ಮೇಲಿಂದ ಕಣ್ಣು ಕೀಳಲಿಲ್ಲ. "ಕೇಳೋ ಯೋಗ್ಯತೆ ಕಳ್ಕೊಂಡೆ ಅನ್ಕೊಂಡಿದ್ದೆ."

"ಅದನ್ನೂ ನೀವೇ ತೀರ್ಮಾನ ಮಾಡ್ಬಿಟ್ರಾ? ನನ್ನ ಪರವಾಗಿ?"

ಮೈಕ್ ತಲೆಯೆತ್ತಿದ. ಕಣ್ಣಲ್ಲಿ ಭಯ ಇತ್ತು, ಆದರೆ ದನಿ ಮೊದಲ ಸಲ ಪಕ್ಕದ ಅಂಗಡಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ನನ್ನನ್ನ ಮದುವೆ ಆಗ್ತೀರಾ?"

ನೀವಂದ್ರೆ ಇಷ್ಟ ಅಂತಾನೆ, ಇನ್ನೂ ಬೇಜಾರಿದೆಯಾ ಅಂತಾನೆ ಎಂದುಕೊಂಡಿದ್ದ ಪುಟ್ಟಿಯ ಕೈಯ ಐರನ್ ಗಾಳಿಯಲ್ಲೇ ನಿಂತಿತು.

"ಕೈಯಲ್ಲಿ ಕಾದ ಕಬ್ಬಿಣ ಇರುವಾಗ ಕೇಳೋ ಮಾತೇನ್ರೀ ಇದು?"

"ಕೇಳಿ ಅಂದ್ರಿ. ಕೇಳಿದೆ."

"ವೈರ್ ಸರಿಯಾಗಿ ಹಿಡೀರಿ. ಅಲ್ಲಾಡ್ತಿದೆ."

"ಕೈ ನಡುಗ್ತಿದೆ."

"ನಂದೂ," ಎಂದಳು ಅವಳು ರೇಗಿ.

ಉಳಿದ ವೈರುಗಳನ್ನು ಇಬ್ಬರೂ ಸೇರಿ ಒಂದೊಂದಾಗಿ ಮುಗಿಸಿದರು. ಕೊನೆಯದಕ್ಕೆ ಸೋಲ್ಡರ್ ಹಾಕಿ, ಊದಿ ಆರಿಸಿ, ಎಳೆದು ನೋಡಿ, ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟ ಮೇಲೆ ಪುಟ್ಟಿ ಕೈ ಒರೆಸಿಕೊಂಡಳು.

"ಆ ನೀಲಿ ಬ್ಯಾಟರಿ ಎಲ್ಲಿದೆ?"

"ಮೇಲಿನ ಶೆಲ್ಫಲ್ಲಿ."

"ತನ್ನಿ. ಬ್ರೇಕ್ ಆಯ್ತು, ತೋಳೂ ಆಯ್ತು. ಈಗ ಅದನ್ನ ಹಾಕೋ ಹೊತ್ತು. ನಾನು ಹಾಕ್ತೀನಿ." ಇನ್ನೂ ಬೈಯುವ ದನಿಯಲ್ಲೇ ಸೇರಿಸಿದಳು, "ಇನ್ನೊಂದು ಕೇಳಿದ್ರಲ್ಲ, ಅದಕ್ಕೂ ಹೂಂ. ಆದ್ರೆ ನಮ್ಮಣ್ಣನ ಹತ್ರ ಹೋಗಿ ಹೆಣ್ಣು ಕೊಡಿ ಗಿಣ್ಣು ಕೊಡಿ ಅಂತ ಕೇಳಿದ್ರೋ, ನೋಡಿ ಮತ್ತೆ! ಅವನಿಗೆ ನಾನು ಹೇಳ್ತೀನಿ."

ಮೈಕ್ ಶೆಲ್ಫಿಗೆ ಚಾಚಿದ್ದ ಕೈಯನ್ನು ಅಲ್ಲೇ ಬಿಟ್ಟು ತಿರುಗಿದ. "ನಿಮ್ಮ ಕೈ ಹಿಡ್ಕೋಬಹುದಾ?"

ಅವಳು ಸಿಟ್ಟಿನಿಂದ ಕೈ ಚಾಚಿದಳು.