ಕಣದ ಟಾರ್ಪಾಲು

೧೯೮೫ರ ಜನವರಿ ೧೭ರ ಮಧ್ಯಾಹ್ನ ಮೂರೂ ಹತ್ತಕ್ಕೆ ಮೂಡಿಗೆರೆ ಠಾಣೆಗೆ ಬಂದ ದೂರು ನಾಲ್ಕು ಪುಟವಿತ್ತು. ಬಣಕಲ್ ಬಳಿಯ ಕಾಫಿ ಎಸ್ಟೇಟಿನ ಮಾಲೀಕ ಪುಟ್ಟಸ್ವಾಮಿ ಒಂದೂವರೆಯ ಸುಮಾರಿಗೆ ತಮ್ಮ ನರ್ಸರಿಯಲ್ಲೇ ಕತ್ತಿಯೇಟಿಗೆ ಸತ್ತಿದ್ದಾರೆ ಎಂಬುದು ಮೊದಲ ಪುಟ. ಉಳಿದ ಮೂರರಲ್ಲಿ ಯಾರನ್ನು ಹಿಡಿಯಬೇಕು, ಏನೇನು ಕೇಳಬೇಕು ಎಂಬ ಉಪದೇಶ. ಬರೆದವರು ಸತ್ತವರ ತಮ್ಮ ದೇವರಾಜ, ಬೆಂಗಳೂರಿನ ಟಿವಿ ನಿರ್ಮಾಪಕ. ಅಣ್ಣನ ತೋಟದ ಮೇಲೊಂದು ಚಿತ್ರ ತೆಗೆಯಲು ಬಂದಿದ್ದರು.

ಇನ್ಸ್‌ಪೆಕ್ಟರ್ ನಸರುಲ್ಲಾ ಎಫ್‌ಐಆರ್ ದಾಖಲಿಸಿ ಸ್ಥಳ ಪಂಚನಾಮೆ ಮುಗಿಸಿದರು. ಆಮೇಲೆ ಐದು ದಿನ, ದೂರು ಬರೆದ ಈ ಮನುಷ್ಯ ಅವರ ತಲೆ ತಿಂದುಬಿಟ್ಟರು. ಪೊಲೀಸರು ಯಾರ ಬಾಗಿಲಿಗೆ ಹೋದರೂ, "ಎಲ್ಲ ಟಿವಿಯವ್ರಿಗೆ ಹೇಳಿದೀವಲ್ಲ" ಎಂಬ ಉತ್ತರ. ಆ ಹೊತ್ತಿಗೆ ಯಾರು ಎಲ್ಲಿದ್ದರು ಎಂದು ಆಳುಗಳನ್ನು ಕೇಳಿದರೆ, ಕಾಫಿ ಒಣಗಿಸೋ ಕಣದಲ್ಲಿ ಕ್ಯಾಮೆರಾ ನೋಡ್ತಿದ್ವಿ ಎನ್ನುವುದೊಂದೇ ಮಾತು.

"ಸಾರ್, ಕೈ ಮುಗೀತೀನಿ. ತನಿಖೆ ನಮಗೆ ಬಿಡಿ."

"ಯಾಕೆ ಕೊಂದ್ರು ಅಂತ ಗೊತ್ತಾಗೋವರೆಗೂ ನಂಗೆ ಊಟ ಸೇರಲ್ಲ, ಇನ್ಸ್‌ಪೆಕ್ಟ್ರೇ."

ಊಟ ಸೇರದಿರುವುದು ಮುಖದಲ್ಲೇ ಕಾಣುತ್ತಿತ್ತು. ನಸರುಲ್ಲಾ ಅವರಿಗೆ ಪಾಪ ಎನಿಸಿತು, ಆದರೆ ಸಿಟ್ಟು ಇಳಿಯಲಿಲ್ಲ.

೨೨ರಂದು ಬೆಳಿಗ್ಗೆ ಹನ್ನೊಂದಕ್ಕೆ ಅವರು ಮತ್ತೆ ಕಾಫಿ ಕಣಕ್ಕೆ ಹೋದಾಗ, ಆಳು ಗಿಡ್ಡಮ್ಮ ಕೇಳುವ ಮೊದಲೇ ಶುರುಮಾಡಿದಳು.

"ಆ ಟಿವಿಯವ್ರಿಂದ ಒಣಗಾಕಿದ್ದ ಪಾರ್ಚ್‌ಮೆಂಟ್ ಬೀಜ ಎಲ್ಲ ಬಿರುಕು ಬಿಡ್ತು ಸ್ವಾಮಿ. ಸುಡು ಬಿಸ್ಲಲ್ಲಿ ಟಾರ್ಪಾಲು ಹೊದಿಸ್ಬೇಕು. ಚಿತ್ರಕ್ಕೆ ಚೆನ್ನಾಗಿ ಕಾಣಲ್ಲ ಅಂತ ಅವತ್ತು ತೆಗೆಸಿಟ್ರು."

"ಎಷ್ಟು ಹೊತ್ತು?"

"ಹನ್ನೆರಡರ ಗಂಟೆ ಹೊಡ್ದಾಗಿಂದ ಎರಡರ ಗಂಟೆವರೆಗೂ."

"ತೋಟದ ರೈಟರು ಸುಮ್ನಿದ್ರಾ?"

"ಅವ್ರು ಇಲ್ಲಿದ್ದಿದ್ರೆ ಬಿಡ್ತಿದ್ರಾ?"

ನಸರುಲ್ಲಾ ಫೈಲು ಬಿಚ್ಚಿದರು. ತೋಟದ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರ್ ಹಾಲಪ್ಪನ ಹೇಳಿಕೆ ಹೀಗಿತ್ತು: "ಹನ್ನೆರಡರಿಂದ ಎರಡರವರೆಗೆ, ಎಂದಿನಂತೆ ಟಾರ್ಪಾಲು ಹೊದಿಸಿ, ಕಣದಲ್ಲೇ ಕಾವಲಿದ್ದೆ." ಇಪ್ಪತ್ತೆರಡು ವರ್ಷ ದಿನವೂ ನಡೆದದ್ದನ್ನೇ ಹಾಲಪ್ಪ ಹೇಳಿದ್ದ. ಆ ಒಂದು ದಿನ ಹಾಗೆ ನಡೆದಿರಲಿಲ್ಲ.

"ಟಾರ್ಪಾಲಾ? ಹೌದು, ನಾನೇ ತೆಗೆಸಿದೆ," ಎಂದರು ದೇವರಾಜ. "ಅದನ್ನ ನೀವು ಕೇಳ್ಲೇ ಇಲ್ಲವಲ್ಲ!"

"ನಾಲ್ಕು ಪುಟ ಬರೆದ್ರಲ್ಲ ಮಾರಾಯ್ರೇ, ಇದೊಂದು ಸಾಲು ಬರೀಬಾರದಿತ್ತಾ?"

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಹಾಲಪ್ಪನ ಬಂಧನವಾಯಿತು. ನರ್ಸರಿಯ ಮಣ್ಣಿನ ರಾಶಿಯಲ್ಲಿ ಹುಗಿದಿದ್ದ ಕತ್ತಿಯನ್ನು ಅವನೇ ಪಂಚರ ಮುಂದೆ ತೆಗೆದುಕೊಟ್ಟ.

"ಯಾಕಂತೆ?" ದೇವರಾಜ ಠಾಣೆಯಲ್ಲಿ ಕಾದು ಕುಳಿತಿದ್ದರು.

"ಕೋರ್ಟಲ್ಲಿ ಗೊತ್ತಾಗುತ್ತೆ. ಈಗ ಬೇಡ ಸಾರ್."

"ಹೇಳಿ."

ನಸರುಲ್ಲಾ ನಿಜಕ್ಕೂ ಹೇಳಬಾರದೆಂದೇ ಇದ್ದರು. ಬೇಸತ್ತು ಹಾಲಪ್ಪನ ಹೊಸ ಹೇಳಿಕೆಯ ಹಾಳೆಯನ್ನು ಮುಂದೆ ತಳ್ಳಿದರು.

"ರೋಗ ತಗಲದ ಆ ಕಾಫಿ ಗಿಡವನ್ನು ಹನ್ನೆರಡು ವರ್ಷ ಆರಿಸಿ ಆರಿಸಿ ಬೆಳೆಸಿದವನು ನಾನು. ಬೆಳಿಗ್ಗೆ ಟಿವಿಯ ಮುಂದೆ ಸಾಹುಕಾರರು, ತಾವೇ ಬೆಳೆಸಿದ್ದು ಎಂದರು. ಗಿಡದ ಪಕ್ಕ ನಿಂತಿದ್ದ ನನಗೆ ಟಿವಿಯವರು, ಸ್ವಲ್ಪ ಆಚೆ ಹೋಗಿ, ಚಿತ್ರದಲ್ಲಿ ಬರ್ತಿದ್ದೀರಿ ಎಂದರು. ಮಧ್ಯಾಹ್ನ ಸಾಹುಕಾರರನ್ನು ಕೇಳಲು ಹೋದೆ. ಅವರು ನಕ್ಕರು."

ದೇವರಾಜ ಎರಡು ಸಲ ಓದಿದರು. ಅಭ್ಯಾಸಬಲದಿಂದ ನೋಟ್‌ಬುಕ್ ಬಿಚ್ಚಿ, ಪೆನ್ನು ಹಿಡಿದು, ಹಾಗೇ ಕುಳಿತರು.

"ಅವತ್ತು ಆಚೆ ಹೋಗಿ ಅಂದಾಗ ಅವ್ರ ಹೆಸ್ರು ಕೂಡ ಕೇಳ್ಲಿಲ್ಲ ನಾನು," ಎಂದರು.

ನಸರುಲ್ಲಾ ಎದ್ದು, ಎರಡು ಕಾಫಿ ತರಲು ಹೇಳಿದರು.