ಇಲ್ಲದ ನರ್ಸ್‌ಗೆ ಬಂದ ಶುಭಾಶಯ

ಆ ಆಸ್ಪತ್ರೆಯ ಸಿಬ್ಬಂದಿ ಪಟ್ಟಿಯಲ್ಲಿ ಒಬ್ಬಳು ನರ್ಸ್ ಇದ್ದಳು. ಆಸ್ಪತ್ರೆಯಲ್ಲಿ ಮಾತ್ರ ಇರಲಿಲ್ಲ. ಅವಳನ್ನು ಸೃಷ್ಟಿಸಿದ್ದು ನೆಲಮಾಳಿಗೆಯ ಸೈಬರ್ ಭದ್ರತಾ ಕೋಣೆಯ ಹುಡುಗಿ. ಎಲ್ಲರೂ ಆಕೆಯನ್ನು ಹದ್ದುಗಣ್ಣಿ ಎನ್ನುತ್ತಿದ್ದರು. ಕದ್ದ ಮಾಹಿತಿ ಮಾರುವ ಡಾರ್ಕ್ ವೆಬ್ಬಿನ ಸಂತೆಗಳನ್ನು ದಿನವಿಡೀ ಕಾಯುವುದು ಆಕೆಯ ಕೆಲಸ. ಆ ಸುಳ್ಳು ನರ್ಸ್ ಮಾಹಿತಿ ಕಳ್ಳರನ್ನು ಹಿಡಿಯಲು ಗಾಳಕ್ಕೆ ಸಿಕ್ಕಿಸಿದ ಹುಳು. ಇಲ್ಲದವಳಿಗೆ ಇಮೇಲ್ ಬಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದರ್ಥ.

ಮಂಗಳವಾರ ಬೆಳಿಗ್ಗೆ ಅಲಾರಂ ಹೊಡೆದುಕೊಂಡಿತು. ಇಮೇಲ್ ಕಳಿಸಿದವನು ಎರಡನೇ ಮಹಡಿಯ ಸಿಬ್ಬಂದಿ ವಿಭಾಗದ ಗುಮಾಸ್ತ. ಹದ್ದುಗಣ್ಣಿ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು.

"ಈ ನರ್ಸ್‌ಗೆ ಯಾಕ್ರೀ ಮೇಲ್ ಕಳಿಸಿದ್ರಿ?"

"ಇವತ್ತು ಅವರ ಬರ್ತ್‌ಡೇ ಅಲ್ವಾ? ಎಲ್ರಿಗೂ ಕಳಿಸ್ತೀನಿ. ಒಬ್ಬೊಬ್ಬರಿಗೂ ಕೂತು ಬರೀತೀನಿ ಮೇಡಂ, ಕಾಪಿ ಹೊಡೆಯಲ್ಲ."

"ಅವರು ಇಲ್ವೇ ಇಲ್ಲ."

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ ಪಾಪ! ಏನಾಗಿತ್ತು?"

ನಗು ತಡೆಯಲಾಗದೆ ಹದ್ದುಗಣ್ಣಿ ಎಲ್ಲವನ್ನೂ ಹೇಳಿಬಿಟ್ಟಳು. ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ಹುಟ್ಟಿದ ದಿನ ಎಲ್ಲಿಂದ ತಂದ್ರಿ?"

"ಆತುರದಲ್ಲಿ... ನಂದೇ ಹಾಕ್ಬಿಟ್ಟೆ."

ಅವನ ನೋಟ ಆಕೆಯ ಜಡೆಗೆ ಸಿಕ್ಕಿಸಿದ ಪೆನ್ಸಿಲ್ಲಿನ ಮೇಲೆ ನಿಂತು, ಕೆಂಪೇರಿದ ಕೆನ್ನೆಗೆ ಇಳಿಯಿತು. ಇಳಿದದ್ದು ಅಲ್ಲೇ ಉಳಿಯಿತು.

"ಹಾಗಾದ್ರೆ ಮೇಲ್ ಸರಿಯಾದವರಿಗೇ ಹೋಗಿದೆ ಬಿಡಿ."

ವಾಪಸು ಬಂದವಳು ಆ ಮೇಲನ್ನು ಮೂರು ಸಲ ಓದಿದಳು. 'ನಿಮ್ಮನ್ನು ಒಂದು ದಿನವೂ ನೋಡಿಲ್ಲ. ಎಲ್ಲಿದ್ದರೂ ಇವತ್ತು ನಗುತ್ತಾ ಇರಿ.' ಅಮ್ಮನನ್ನು ಬಿಟ್ಟರೆ ಆ ದಿನ ಆಕೆಗೆ ಹಾರೈಸಿದವನು ಅವನೊಬ್ಬನೇ.

ಮಧ್ಯಾಹ್ನ ಎಂದಿನಂತೆ ಆ ಸಂತೆಗಳನ್ನು ಜಾಲಾಡಿದಳು. ಆಸ್ಪತ್ರೆಯ ಇಡೀ ಸಿಬ್ಬಂದಿ ಪಟ್ಟಿ ಡಾರ್ಕ್ ವೆಬ್ಬಿನಲ್ಲಿ ಮಾರಾಟಕ್ಕಿತ್ತು. ಮಾರುವವನು ತೋರಿಸಿದ ಮಾದರಿ ಸಾಲುಗಳಲ್ಲಿ ಸುಳ್ಳು ನರ್ಸ್ ಕೂಡ ಇದ್ದಳು.

"ಅವಳ ಇಮೇಲ್ ಮುಟ್ಟಿದವನು ಆ ಗುಮಾಸ್ತ ಒಬ್ಬನೇ ತಾನೆ?" ಎಂದರು ಭದ್ರತಾ ವಿಭಾಗದ ಮುಖ್ಯಸ್ಥರು. "ಸಂಜೆಯೊಳಗೆ ರಿಪೋರ್ಟ್ ಕೊಡಮ್ಮ. ಅವನನ್ನ ಮನೆಗೆ ಕಳಿಸೋಣ."

ಹದ್ದುಗಣ್ಣಿಯ ಬಳಿ ಒಂದು ಉಪಾಯವಿತ್ತು. ಪಟ್ಟಿಯನ್ನು ಯಾರಿಗೇ ಕೊಡಲಿ, ಆ ನರ್ಸಿನ ಫೋನ್ ನಂಬರನ್ನು ಒಂದೊಂದು ಪ್ರತಿಯಲ್ಲೂ ಬೇರೆ ಬೇರೆ ಹಾಕಿದ್ದಳು. ಈಗ ಕೊಳ್ಳುವವಳಂತೆ ನಟಿಸಿ, ಮಾದರಿಯಲ್ಲಿ ಮರೆಮಾಚಿದ್ದ ಅವಳ ನಂಬರನ್ನು ತೋರಿಸು ಎಂದು ಮಾರುವವನಿಗೆ ಬರೆದಳು. ಉತ್ತರಕ್ಕೆ ಮೂರು ಗಂಟೆ ಕಾದಳು. ಇಂಥದ್ದೇ ಉತ್ತರ ಬರಲಿ ಎಂದು ಈ ಕೆಲಸದಲ್ಲಿ ಆಕೆ ಆಸೆಪಟ್ಟದ್ದು ಅದೇ ಮೊದಲು. ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಸಾಲದೆ, ಉತ್ತರ ಬಂದಾಗ ಮುಖ್ಯಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೆರೆದಳು.

ನಂಬರು ಸಿಬ್ಬಂದಿ ವಿಭಾಗದ್ದಲ್ಲ. ಡ್ಯೂಟಿ ಪಟ್ಟಿ ತಯಾರಿಸುವ ಹೊರಗಿನ ಕಂಪನಿಗೆ ಕೊಟ್ಟ ಪ್ರತಿಯದ್ದು. ಮುಖ್ಯಸ್ಥರು ಆ ಕಂಪನಿಗೆ ಫೋನ್ ಹಚ್ಚಿದರು. ಹದ್ದುಗಣ್ಣಿ ಎಲ್ಲರ ಪಾಸ್‌ವರ್ಡ್ ಬದಲಾಯಿಸಲು ಸೂಚನೆ ಕಳಿಸಿ ಮಹಡಿಗೆ ಓಡಿದಳು.

ತನ್ನನ್ನು ಕೆಲಸದಿಂದ ತೆಗೆಯುವ ಸುದ್ದಿ ಗುಮಾಸ್ತನ ಕಿವಿಗೂ ಬಿದ್ದಿತ್ತು. ಡ್ರಾಯರ್ ಖಾಲಿ ಮಾಡಿ, ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ.

"ನೀವಲ್ಲ," ಎಂದಳು ಏದುಸಿರು ಬಿಡುತ್ತಾ. "ಹೊರಗಿನ ಕಂಪನಿಯವರು. ಒಂದೊಂದು ಕಾಪಿಗೂ ಬೇರೆ ನಂಬರ್ ಹಾಕಿದ್ದೆ, ಸಿಕ್ಕಿದ್ದು ಅವರದ್ದು."

ಅವನು ತಲೆಯೆತ್ತಿ ನೋಡಿದ. "ನಿಮಗೂ ನನ್ನ ಮೇಲೆ ಅನುಮಾನ ಇತ್ತಾ?"

"ಇತ್ತು. ನೀವಾಗಿರಬಾರದು ಅಂತ ಆಸೆನೂ ಇತ್ತು."

"ನಮ್ಮ ಕಾಪಿಯ ನಂಬರೇ ಬಂದಿದ್ರೆ?"

"ರಿಪೋರ್ಟ್ ಬರೀತಿದ್ದೆ." ಆಕೆ ಜಡೆಯ ಪೆನ್ಸಿಲನ್ನು ಸರಿಪಡಿಸಿಕೊಂಡಳು. "ಬರೆದು, ಬಾಗಿಲು ಹಾಕ್ಕೊಂಡು ಅಳ್ತಿದ್ದೆ."

"ಎಷ್ಟು ಹೊತ್ತು?"

"ತುಂಬಾ."

ಅವನು ಸಾಮಾನನ್ನು ಒಂದೊಂದಾಗಿ ಡ್ರಾಯರಿಗೆ ಮರಳಿ ಇಡತೊಡಗಿದ. ಸ್ಟೇಪ್ಲರ್ ಹಿಡಿದ ಕೈ ಅರ್ಧದಲ್ಲೇ ನಿಂತಿತು.

"ಹಾಗಾದ್ರೆ ನನಗೆ ನೀವೇ ಬೇಕು," ಎಂದ.

ಹದ್ದುಗಣ್ಣಿ ಆ ಕೈಯನ್ನು ಹಿಡಿದುಕೊಂಡಳು. "ನನಗೂ."