ಕರೆಂಟ್ ಹೋದರೂ ಮರೆಯದ ಚಿಪ್

ಗಯಾಜ್ ಎಸೆದ ಸ್ಟೂಲ್ ಸಿದ್ಧಲಿಂಗೇಶನ ಭುಜಕ್ಕೆ ಬಡಿದು ಹಿಂದಿದ್ದ ಕಿಟಕಿಯ ಗಾಜು ಒಡೆಯಿತು.

"ಶಾಂಭವಿ, ನೀನು ಹೋಗಿ ಟೀ ತಗೊಂಡ್ ಬಾ" ಎಂದು ಸಿದ್ಧಲಿಂಗೇಶ ನನ್ನತ್ತ ಹುಬ್ಬು ಹಾರಿಸಿದ. ಆ ಹುಬ್ಬು ನನಗೆ ಮೊದಲಿನಿಂದಲೂ ಇಷ್ಟ. ಅವತ್ತು ಮಾತ್ರ ಮೈ ಉರಿಯಿತು.

"ಟೀ ತರೋ ಟೈಮಾ ಇದು?"

ಅದು 2003. ಇಂದಿರಾನಗರದ ಮಹಡಿಯ ಮೇಲಿನ ಆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದದ್ದು ಸಿದ್ಧಲಿಂಗೇಶ ಮತ್ತು ನಾನು ಇಬ್ಬರೇ. ಕರೆಂಟ್ ಹೋದರೂ ಬರೆದದ್ದನ್ನು ಮರೆಯದ ಮೆಮೊರಿ ಚಿಪ್ ಮಾಡುವುದು ಅವನ ಹುಚ್ಚು. ಬೋರ್ಡ್‌ಗಳಿಗೆ ಬೆಸುಗೆ ಹಾಕುವುದು ನನ್ನ ಕೆಲಸ. ಶಿವಾಜಿನಗರದಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುತ್ತಿದ್ದ ಗಯಾಜ್ ಡೆಮೊಗೆ ಬಂದಾಗ ಮಗಳು ಜಹನಾರಾಳ ಹೆಸರನ್ನು ಚಿಪ್‌ಗೆ ಬರೆಸಿದ. ಪ್ಲಗ್ ಕಿತ್ತು ಮತ್ತೆ ಹಾಕಿದರೂ ಹೆಸರು ಪರದೆಯ ಮೇಲೆ ಹಾಗೇ ಇತ್ತು. ವಾರದೊಳಗೆ ಅಂಗಡಿ ಮಾರಿ ನಮ್ಮಲ್ಲಿ ಹೂಡಿದ.

ಅವತ್ತು ಬಂದವನು ಆ ಬೋರ್ಡ್ ತಿರುಗಿಸಿ ನೋಡಿದ್ದ. ಅಡಿಯಲ್ಲಿ ವಾಚಿನ ಬ್ಯಾಟರಿ; ಹೆಸರು ಉಳಿಸಿದ್ದು ಅದು, ಚಿಪ್ ಅಲ್ಲ.

"ಯಾರು ಇಟ್ಟಿದ್ದು?"

"ನಾನೇ" ಎಂದ ಸಿದ್ಧಲಿಂಗೇಶ.

ಸುಳ್ಳು. ನಮ್ಮ ಚಿಪ್ ಜೊತೆ ಹೋಲಿಸಿ ನೋಡಲೆಂದು ಮಾಮೂಲಿ ಚಿಪ್‌ಗೆ ಬ್ಯಾಟರಿ ಜೋಡಿಸಿದ ಬೋರ್ಡ್ ಅದು. ನೋಡಲು ಎರಡೂ ಒಂದೇ ಥರ. ಡೆಮೊ ದಿನ ಗಡಿಬಿಡಿಯಲ್ಲಿ ಅದನ್ನು ಸಿಕ್ಕಿಸಿದವಳು ನಾನು, ಮತ್ತು ಅದು ನನಗೆ ಗೊತ್ತಾದದ್ದು ಆ ಕ್ಷಣದಲ್ಲೇ.

ಗಯಾಜ್ ಅವನನ್ನು ಗೋಡೆಗೆ ಒತ್ತಿ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಚಿಮ್ಮಿತು. ಸಿದ್ಧಲಿಂಗೇಶ ತಿರುಗಿ ಕೈ ಎತ್ತಲಿಲ್ಲ. ಅವನನ್ನು ನಾನು ಇಷ್ಟೊಂದು ಪ್ರೀತಿಸುತ್ತೇನೆಂದು ತಿಳಿದದ್ದು ಆಗ. ನಡುವೆ ನುಗ್ಗಿದೆ. ಮುಂದಿನ ಗುದ್ದು ನನ್ನ ತುಟಿಗೆ ಬಿತ್ತು.

"ಬೋರ್ಡ್ ಹಾಕಿದ್ದು ನಾನು ಭಾಯ್. ತಪ್ಪಾಗಿ ಹಾಕ್ಬಿಟ್ಟೆ."

ಹೆಣ್ಣಿಗೆ ಬಿದ್ದ ಏಟಿಗೆ ಗಯಾಜನೇ ಬೆಚ್ಚಿದ. ಒಡೆದ ಗಾಜಿನ ನಡುವೆ ಕುಸಿದು ಕೂತು, "ನನ್ ಅಂಗಡಿ ಹೋಯ್ತಮ್ಮಾ" ಎಂದು ಅಳತೊಡಗಿದ.

ನಾನು ಸಿದ್ಧಲಿಂಗೇಶನ ಕಡೆ ತಿರುಗಿದೆ. "ನಿಂಗೆ ಯಾವಾಗ ಗೊತ್ತಾಯ್ತು?"

"ಡೆಮೊ ಆದ ಸಂಜೆ."

"ಅವ್ರು ಅಂಗಡಿ ಮಾರೋಕ್ ಮುಂಚೆ?"

"ಹ್ಞೂಂ. ನಮ್ ಚಿಪ್ ಇನ್ನೂ ಹೆಸರು ಉಳಿಸ್ಕೊಳ್ತಿರ್ಲಿಲ್ಲ. ಹೇಳಿದ್ರೆ ಲ್ಯಾಬ್ ಮುಚ್ಬೇಕಿತ್ತು. ನೀನು ಬೇರೆ ಕಡೆ ಹೋಗ್ಬಿಡ್ತಿದ್ದೆ. ನೀನಿಲ್ದೆ ನಂಗಾಗಲ್ಲ, ಶಾಂಭವಿ."

ಎರಡು ವರ್ಷದಿಂದ ಕಾದಿದ್ದ ಮಾತು. ಕೇಳಿ ಖುಷಿಯೂ ಆಯಿತು, ಸಿಟ್ಟೂ ಬಂತು. ಇದ್ದ ಬಲವನ್ನೆಲ್ಲ ಹಾಕಿ ಅವನ ಕೆನ್ನೆಗೆ ಬಾರಿಸಿದೆ.

"ಉಳಿದಿರೋ ದುಡ್ಡು ಇವತ್ತೇ ಅವ್ರಿಗೆ ಕೊಡು. ಮಿಕ್ಕಿದ್ದನ್ನ ಇಬ್ರೂ ದುಡಿದು ತೀರಿಸೋಣ. ಆಮೇಲೆ ನಮ್ಮನೆಗೆ ಬಂದು ಅಪ್ಪನ ಹತ್ರ ಮಾತಾಡು."

ನನ್ನ ತುಟಿಯ ರಕ್ತ ಒರೆಸಲು ಅವನು ಕೈ ಚಾಚಿದ. ನಾನು ತಡೆಯಲಿಲ್ಲ.